ಹನಿ ನಿಂತಿತೆಂದು ಎದ್ದುಬಿಡಬೇಡಿ

ನಲ್ಲಿ ರಿಪೇರಿಯನ್ನು ನೀವೇ ಮಾಡಿದಿರಾ? ಸಂತೋಷ. ಆದರೆ ಹನಿ ನಿಂತ ಕೂಡಲೇ ಕೈ ಒರೆಸಿಕೊಂಡು ಏಳಬೇಡಿ. ಬಹಳಷ್ಟು ಜನ ಎಡವುವುದು ಅಲ್ಲೇ. ಮನೆಮಂದಿ ನೀರು ಬಳಸುತ್ತಿರುವಾಗ ಪೈಪಿನಲ್ಲಿ ಒತ್ತಡ ಕಡಿಮೆ. ರಾತ್ರಿ ಎಲ್ಲ ನಲ್ಲಿಗಳೂ ಮುಚ್ಚಿ, ಮೇಲಿನ ಟ್ಯಾಂಕ್ ತುಂಬಿ ನಿಂತಾಗಲೇ ಜಾಯಿಂಟಿನ ಬಂಡವಾಳ ಬಯಲಾಗುವುದು.

ಜಾಯಿಂಟನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೆಳಗೊಂದು ಹಳೆಯ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಅದು ಗರಿಗರಿಯಾಗಿದ್ದರೆ ಸರಿ. ಕಾಸಿನಗಲ ಒದ್ದೆಯಾಗಿದ್ದರೂ ಬಿಚ್ಚಿ ಮತ್ತೆ ಮಾಡಿ. "ಒಂದು ಹನಿ ತಾನೇ" ಎನ್ನಬೇಡಿ. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ 86,400. ನಾಲ್ಕು ಲೀಟರಿಗಂತೂ ಕಡಿಮೆಯಿಲ್ಲ.

ಮತ್ತೆ ಮಾಡುವಾಗ ಟೆಫ್ಲಾನ್ ಟೇಪ್ ಸುತ್ತಿದ ದಿಕ್ಕು ನೋಡಿ. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳು ತಿರುಗುವಂತೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪ್ ಮುದುರಿಕೊಂಡು ಹೊರಬರುತ್ತದೆ. ಆಮೇಲೆ ಸೋರಿತೆಂದು ಸ್ಪ್ಯಾನರ್ ಹಾಕಿ ಜಗ್ಗುವುದು ಬೇಡ, ಪ್ಲಾಸ್ಟಿಕ್ ಎಲ್ಬೋ ಸೀಳಿಬಿಡುತ್ತದೆ. ಸೋರುವ ಜಾಗಕ್ಕೆ ಮೇಲಿಂದ ಎಂ-ಸೀಲ್ ಮೆತ್ತಿದ್ದೀರಾದರೆ ಅದು ಪ್ಲಂಬರ್ ಬರುವವರೆಗಿನ ವ್ಯವಸ್ಥೆ, ಅಷ್ಟೇ. ಸೋಲಾರ್‌ನ ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪನ್ನೇ ಹಾಕಿ. ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ.

ಕೊನೆಗೆ ಎಲ್ಲ ನಲ್ಲಿಗಳನ್ನೂ ಮುಚ್ಚಿ, ತೇವ ಕಂಡ ಗೋಡೆಯನ್ನು ಮುಟ್ಟಿ ನೋಡಿ. ಗೋಡೆಯೊಳಗಿನ ಪೈಪ್ ಸೋರುತ್ತಿರುವ ಅನುಮಾನವಿದ್ದರೆ ನಿಮ್ಮ ಸಾಹಸ ಅಲ್ಲಿಗೇ ಸಾಕು. ಸಂಕೋಚ ಬಿಟ್ಟು ಪ್ಲಂಬರನ್ನು ಕರೆಸಿ.