ಚಹದಲ್ಲಿ ಕುದಿಸಿದ ತತ್ತಿ

ಕೋಳಿ ಸಾಕಿದ ಮನೆಯಲ್ಲಿ ತತ್ತಿಗೆ ಬರವಿಲ್ಲ. ಆದರೆ ಬೇಯಿಸಿ ಉಪ್ಪು ಹಚ್ಚಿ ತಿನ್ನುವುದು, ಇಲ್ಲವೆ ಸಾರಿಗೆ ಹಾಕುವುದು, ಇವೆರಡರಾಚೆ ನಮ್ಮ ಕೈ ಹೋಗುವುದು ಕಡಿಮೆ. ಚೀನ ದೇಶದವರು ತತ್ತಿಯನ್ನು ಚಹದ ನೀರಿನಲ್ಲಿ ಕುದಿಸುತ್ತಾರೆ. ಅದಕ್ಕೆ 'ಚಾ ಯೆ ದಾನ್' ಎಂದು ಹೆಸರು. 'ಚಾ' ಎಂದರೆ ಚಹ, 'ಯೆ' ಎಂದರೆ ಎಲೆ, 'ದಾನ್' ಎಂದರೆ ತತ್ತಿ. ನಾವಾಡುವ 'ಚಹ' ಎಂಬ ಮಾತಿನ ಮೂಲವೂ ಆ 'ಚಾ'ವೇ. ಚೀನದ ಬೀದಿಗಳಲ್ಲಿಯೂ ತೈವಾನಿನ ಸಣ್ಣ ಅಂಗಡಿಗಳಲ್ಲಿಯೂ ಇದರ ಪಾತ್ರೆಯನ್ನು ಬಿಸಿಯಾಗಿಯೇ ಇಟ್ಟಿರುತ್ತಾರೆ. ಹಾಗೆ ಇಡುವುದು ರುಚಿಗಾಗಿ ಮಾತ್ರವಲ್ಲ. ಅದರ ಕಾರಣವನ್ನು ಕೊನೆಯಲ್ಲಿ ನೋಡೋಣ.

ತತ್ತಿಯ ಆಯ್ಕೆ: ಅದೇ ದಿನ ಇಟ್ಟ ತತ್ತಿ ಇದಕ್ಕೆ ಒಳ್ಳೆಯದಲ್ಲ. ಹೊಸ ತತ್ತಿಯ ಬಿಳಿಭಾಗವು ಒಳಪೊರೆಗೆ ಅಂಟಿಕೊಂಡಿದ್ದು, ಸುಲಿಯುವಾಗ ಕಿತ್ತು ಬರುತ್ತದೆ. ನಾಲ್ಕಾರು ದಿನಗಳಲ್ಲಿ ಒಳಗಿನ ಇಂಗಾಲಾಮ್ಲ ವಾಯು ಚಿಪ್ಪಿನ ಸಣ್ಣ ರಂಧ್ರಗಳಿಂದ ಹೊರಗೆ ಹೋದ ಮೇಲೆ ಸುಲಿಯುವುದು ಸುಲಭ. ತತ್ತಿಯನ್ನು ನೀರಿಗೆ ಬಿಟ್ಟು ನೋಡಿರಿ. ತಳದಲ್ಲಿ ಅಡ್ಡ ಮಲಗಿದರೆ ಹೊಸದು, ತಳದಲ್ಲಿಯೇ ನೆಟ್ಟಗೆ ನಿಂತರೆ ಕೆಲವು ದಿನದ್ದು, ತೇಲಿದರೆ ಬಿಸಾಡತಕ್ಕದ್ದು. ತೊಳೆಯುವುದಿದ್ದರೆ ಬೇಯಿಸುವ ಮುನ್ನವಷ್ಟೇ ತೊಳೆಯಿರಿ. ತೊಳೆದಿಟ್ಟರೆ ಚಿಪ್ಪಿನ ಮೇಲಿನ ಕಾವಲಿನ ಪೊರೆ ಹೋಗುತ್ತದೆ.

ಬೇಕಾಗುವ ಸಾಮಾನು: ತತ್ತಿ ೮, ನೀರು ೧ ಲೀಟರು, ಚಹದ ಪುಡಿ ೨ ದೊಡ್ಡ ಚಮಚ, ಸೋಯಾ ಸಾಸ್ ಕಾಲು ಬಟ್ಟಲು, ಉಪ್ಪು ೧ ಸಣ್ಣ ಚಮಚ, ಸಕ್ಕರೆ ೧ ಸಣ್ಣ ಚಮಚ, ಚಕ್ರಮೊಗ್ಗು ೨, ಬೆರಳುದ್ದದ ದಾಲ್ಚಿನ್ನಿ ೧. ಸೋಯಾ ಸಾಸ್ ಎಂದರೆ ಸೋಯಾ ಅವರೆಯನ್ನು ಗೋದಿಯೊಡನೆ ಉಪ್ಪುನೀರಿನಲ್ಲಿ ಹುದುಗಿಸಿ ತೆಗೆದ ಕಪ್ಪು ರಸ. ಅದು ಸಿಗದಿದ್ದರೆ ಉಪ್ಪನ್ನು ಇನ್ನೆರಡು ಸಣ್ಣ ಚಮಚ ಹೆಚ್ಚಿಸಬಹುದು. ಬಣ್ಣ ಮಾತ್ರ ತಿಳಿಯಾಗುತ್ತದೆ.

ಮಾಡುವ ರೀತಿ: ತತ್ತಿಗಳನ್ನು ತಣ್ಣೀರಿನಲ್ಲಿಟ್ಟು ಒಲೆಗೇರಿಸಿರಿ. ಕುದಿ ಬಂದ ಮೇಲೆ ಉರಿ ಇಳಿಸಿ ೮ ರಿಂದ ೧೦ ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿರಿ. ಕೈಗೆ ಸುಡದಂತಾದಾಗ ಚಮಚದ ಬೆನ್ನಿನಿಂದ ಮೆಲ್ಲಗೆ ತಟ್ಟುತ್ತ ಚಿಪ್ಪಿನ ತುಂಬ ಬಿರುಕು ಬಿಡಿಸಿರಿ, ಸುಲಿಯಬೇಡಿರಿ. ಒಂದು ಲೀಟರು ನೀರಿಗೆ ಉಳಿದ ಸಾಮಾನು ಹಾಕಿ ಕುದಿಸಿ, ತತ್ತಿಗಳನ್ನು ಮುಳುಗಿಸಿ, ಸಣ್ಣ ಉರಿಯಲ್ಲಿ ೪೦ ನಿಮಿಷ ಇಡಿರಿ. ಮಣ್ಣಿನ ಗಡಿಗೆ ಅಥವಾ ಸ್ಟೀಲ್ ಪಾತ್ರೆ ಉತ್ತಮ. ಕಬ್ಬಿಣದ ಪಾತ್ರೆ ಬೇಡ; ಚಹದ ಒಗರು ಕಬ್ಬಿಣಕ್ಕೆ ಕೂಡಿದರೆ ಶಾಯಿಯಂತೆ ಕಪ್ಪಾಗುತ್ತದೆ.

ಸುಲಿದಾಗ ಬಿಳಿಯ ಮೇಲೆ ಜೇಡನ ಬಲೆಯಂಥ ಕಂದು ಗೆರೆಗಳು ಕಾಣುವವು. ಬಿರುಕಿದ್ದಲ್ಲಿ ಚಹದ ನೀರು ಇಳಿದು ಬಣ್ಣ ಹಿಡಿದುದೇ ಇದಕ್ಕೆ ಕಾರಣ. ಹಳದಿಯ ಸುತ್ತ ಬೂದುಹಸಿರು ಉಂಗುರ ಕಂಡರೆ ಹೆದರಬೇಕಾಗಿಲ್ಲ. ಬಹಳ ಹೊತ್ತು ಬೆಂದಾಗ ಬಿಳಿಭಾಗದ ಗಂಧಕವು ಹಳದಿಯ ಕಬ್ಬಿಣದೊಡನೆ ಕೂಡಿ ಹಾಗಾಗುವುದು. ಅದರಿಂದ ಅಪಾಯವಿಲ್ಲ.

ಮುಖ್ಯ ಎಚ್ಚರಿಕೆ: ಬೆಂದ ತತ್ತಿಯ ಚಿಪ್ಪು ಕೋಟೆಯಿದ್ದಂತೆ. ರುಚಿ ಒಳಗೆ ಹೋಗಲೆಂದು ನಾವೇ ಆ ಕೋಟೆಯನ್ನು ಒಡೆದಿದ್ದೇವೆ. ರುಚಿ ಹೋದ ದಾರಿಯಲ್ಲಿಯೇ ಕೊಳೆಯಿಸುವ ಸೂಕ್ಷ್ಮಜೀವಿಗಳೂ ಹೋಗಬಲ್ಲವು. ಅವು ಚೆನ್ನಾಗಿ ಬೆಳೆಯುವುದು ಉಗುರು ಬೆಚ್ಚಗಿನ ನೀರಿನಲ್ಲಿ. ಉಪ್ಪು, ಮಸಾಲೆ ಹಾಕಿದ್ದೇವೆ, ಉಪ್ಪಿನಕಾಯಿಯಂತೆ ಇದೂ ಉಳಿದೀತು ಎಂದು ತಿಳಿಯುವುದು ತಪ್ಪು. ಇಲ್ಲಿರುವ ಉಪ್ಪು ಅಷ್ಟಕ್ಕೆ ಸಾಲದು. ಆದುದರಿಂದ ಈ ತತ್ತಿ ಒಂದೋ ಹಬೆಯಾಡುವಷ್ಟು ಬಿಸಿಯಾಗಿರಬೇಕು, ಇಲ್ಲವೆ ಫ್ರಿಜ್ಜಿನಲ್ಲಿ ತಣ್ಣಗಿರಬೇಕು. ಚೀನದ ಅಂಗಡಿಯ ಪಾತ್ರೆ ಒಲೆಯಿಂದ ಇಳಿಯದಿರುವುದರ ಗುಟ್ಟು ಇದೇ.

ಫ್ರಿಜ್ಜಿದ್ದವರು ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಎರಡು ತಾಸಿನೊಳಗೆ ರಸದ ಸಮೇತ ಒಳಗಿಡಿರಿ. ಒಂದು ರಾತ್ರಿ ನೆನೆದರೆ ಉಪ್ಪು ಇನ್ನಷ್ಟು ಒಳಗೆ ಇಳಿಯುತ್ತದೆ. ಮೂರು ದಿನಗಳಲ್ಲಿ ತಿಂದು ಮುಗಿಸಿರಿ. ಫ್ರಿಜ್ಜಿಲ್ಲದವರು ರಾತ್ರಿ ನೆನೆಹಾಕುವ ಆಸೆ ಬಿಟ್ಟು, ಸಣ್ಣ ಉರಿಯ ಮೇಲೆ ಇನ್ನೊಂದು ತಾಸು ಇಟ್ಟು, ಬಿಸಿಯಿರುವಾಗಲೇ ಮನೆಮಂದಿಗೆಲ್ಲ ಬಡಿಸಿರಿ. ರುಚಿ ತುಸು ಕಡಿಮೆಯಾದರೂ ಚಿಂತೆಯಿಲ್ಲ. ಮಕ್ಕಳ ಹೊಟ್ಟೆ ಕೆಡಬಾರದು.