ನಸಗುನ್ನಿ ಕಂಡರೆ ಕೈ ಹಿಂದೆ ಇರಲಿ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ನಿಲ್ಲಿಸಿದರೆ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ನಿಮ್ಮ ಮನೆಯ ಸಣ್ಣ ಹುಡುಗರೂ ಹೇಳುತ್ತಾರೆ. ಗಿಡ್ಡಗೆ ದಪ್ಪಗಿದ್ದರೆ ಡಬ್ಬಿ, ಉದ್ದಕ್ಕೆ ಸಪೂರ ಇದ್ದರೆ ಕಡ್ಡಿ. ಇಷ್ಟು ಚುರುಕು ಕಣ್ಣಿನವರು ನೀವು, ಬೇಲಿಗೆ ಹಬ್ಬಿದ ನಸಗುನ್ನಿ ಬಳ್ಳಿಗೆ ಮಾತ್ರ ಹಿಂದೆಮುಂದೆ ನೋಡದೆ ಕೈ ಹಾಕುತ್ತೀರಲ್ಲ, ಏನೆನ್ನಲಿ ನಿಮಗೆ?

ನಸಗುನ್ನಿಯಲ್ಲಿ ಎರಡು ಬಗೆ. ಬೇಲಿ, ಹಳ್ಳದ ದಂಡೆಗಳಲ್ಲಿ ತಾನಾಗಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ಕಾಡಿನದು ಒಂದು. ಹೊಲದಲ್ಲಿ ಬಿತ್ತಿ ಬೆಳೆಯುವ, ತುರಿಸದ ಸಾಕಿದ ಬಗೆ ಇನ್ನೊಂದು. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಎರಡೂ ಮುಕುನಾ ಪ್ರುರಿಯೆನ್ಸ್ ಎಂಬ ಒಂದೇ ಜಾತಿ. ಸಾಕಿದ್ದರ ಹೆಸರಿಗೆ ಮಾತ್ರ ಯುಟಿಲಿಸ್ ಎಂದು ಸೇರಿಸುತ್ತಾರೆ. ಹಾಗಾಗಿ ಎಲೆ ನೋಡಿ ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚಬೇಡಿ. ಎರಡಕ್ಕೂ ಮೂರು ಮೂರು ಎಲೆ, ಎರಡರಲ್ಲೂ ಜೋತುಬೀಳುವ ನೇರಳೆ ಹೂಗೊಂಚಲು. ಬೀಜವನ್ನೂ ಪೂರ್ತಿ ನಂಬುವಂತಿಲ್ಲ. ಬಿಳಿಯ ದಪ್ಪ ಬೀಜ ಸಾಮಾನ್ಯವಾಗಿ ಸಾಕಿದ ಬಳ್ಳಿಯದು, ನಿಜ. ಆದರೆ ಕಪ್ಪು ಬೀಜ, ಮಚ್ಚೆ ಬೀಜ ಎರಡರಲ್ಲೂ ಉಂಟು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಗುರುತು ಇರುವುದು ಕಾಯಿಯಲ್ಲಿ. ಮಳೆಗಾಲ ಮುಗಿದು ಕಾಯಿ ಕಟ್ಟಿದ ಮೇಲೆ ನೋಡಿ, ಅದೂ ಎರಡು ಹೆಜ್ಜೆ ದೂರ ನಿಂತು. ಕಾಡಿನ ಕಾಯಿ ಗಿಡ್ಡ, ತುದಿ ಒಂದು ಕಡೆ, ಬುಡ ಇನ್ನೊಂದು ಕಡೆ ಬಾಗಿರುತ್ತದೆ, ಸಿಪ್ಪೆಯ ಮೇಲೆ ಉದ್ದುದ್ದ ಏಣು ಎದ್ದಿರುತ್ತವೆ. ಅದರ ಮೈತುಂಬ ಹೊಂಬಣ್ಣದ, ಬಲಿತಂತೆ ಕಂದು ಬಣ್ಣಕ್ಕೆ ತಿರುಗುವ ಬಿರುಸು ಕೂದಲು. ಬಿಸಿಲು ಬಿದ್ದಾಗ ನೋಡಿದರೆ ಕೂದಲು ಒಂದೊಂದೂ ನೆಟ್ಟಗೆ ನಿಂತು ಹೊಳೆಯುತ್ತದೆ, ಸ್ವಲ್ಪ ತಾಗಿದರೂ ಉದುರುತ್ತದೆ. ಸಾಕಿದ್ದರ ಕಾಯಿ ಉದ್ದ, ದಪ್ಪ, ಬಾಗು ಕಡಿಮೆ, ಏಣೂ ಅಷ್ಟಿಲ್ಲ. ಮೇಲಿರುವುದು ಸಿಪ್ಪೆಗೆ ಒತ್ತಿಕೊಂಡ ಮೆತ್ತನೆಯ ಮೋಟು ರೋಮ. ಅನುಮಾನ ಬಂದರೆ ಕಾಡಿನದೇ ಎಂದು ತಿಳಿದು ದೂರ ಇರಿ. ಮುಟ್ಟಿ ಪರೀಕ್ಷೆ ಮಾಡುವ ಜಾಣತನ ಬೇಡ.

ಆ ಬಿರುಸು ಕೂದಲಿನಲ್ಲಿ ಮುಕುನೇನ್ ಎಂಬ ಪ್ರೋಟೀನು ಇದೆ, ಚರ್ಮಕ್ಕೆ ಚುಚ್ಚಿಕೊಂಡು ತುರಿಕೆ ಎಬ್ಬಿಸುವುದು ಅದೇ. ತಾಗಿದರೆ ಮೊದಲು ಕೆರೆದುಕೊಳ್ಳುವುದನ್ನು ನಿಲ್ಲಿಸಿ. ಮಂಗನ ಹುಣ್ಣು ಬ್ರಹ್ಮರಾಕ್ಷಸ ಆಗುವುದು ಕೆರೆದೇ. ಒರೆಸಲೂ ಬೇಡಿ, ಕೂದಲು ಇನ್ನಷ್ಟು ಹರಡುತ್ತದೆ. ಸೆಲ್ಲೋಟೇಪು ಒತ್ತಿ ಕಿತ್ತು ತೆಗೆಯಿರಿ. ಟೇಪು ಇಲ್ಲವೇ, ಚಪಾತಿಯ ಅಂಟು ಕಣಕ ಒತ್ತಿ ತೆಗೆಯಿರಿ. ಆಮೇಲೆ ಹರಿಯುವ ನೀರು, ಸಾಬೂನು. ಕಣ್ಣಿಗೆ ಬಿದ್ದರೆ ಉಜ್ಜದೆ ನೀರು ಬಿಟ್ಟು ತೊಳೆದು ನೇರ ದವಾಖಾನೆಗೆ ಹೋಗಿ. ಒಣಗಿದ ಬಳ್ಳಿಗೆ ಬೆಂಕಿ ಇಡುವವರಿಗೂ ಒಂದು ಮಾತು: ಆ ಕೂದಲು ಹೊಗೆಯ ಜೊತೆ ಹಾರಿ ಮೂಗು, ಗಂಟಲು ಸೇರುತ್ತದೆ. ಗೆಳೆಯನ ಅಂಗಿಯೊಳಗೆ ಕಾಯಿ ಹಾಕಿ ನಗುವ ಹುಡುಗರು ನಿಮ್ಮ ಮನೆಯಲ್ಲಿದ್ದರೆ ಕರೆದು ಗದರಿ. ಅದು ತಮಾಷೆಯಲ್ಲ.

ಇನ್ನು ಔಷಧಿ ಹುಚ್ಚು. ಆಯುರ್ವೇದದ ಆತ್ಮಗುಪ್ತ ಇದೇ ಬಳ್ಳಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಇದರ ಬೀಜದಲ್ಲಿದೆ ಎಂದು ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲೇ ತೋರಿಸಿಕೊಟ್ಟರು. ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 3ರಿಂದ 6 ಪಾಲು ಅದೇ. ಅಷ್ಟು ಜೋರಿನ ವಸ್ತುವನ್ನು ಯಾರೋ ಹೇಳಿದರೆಂದು ಪುಡಿ ಮಾಡಿ ಹಾಲಿಗೆ ಕದಡಿ ಕುಡಿಯುತ್ತೀರಾ? ವಾಂತಿ, ತಲೆಸುತ್ತು ಬರಬಹುದು. ಮೊದಲೇ ಆ ಕಾಯಿಲೆಯ ಮಾತ್ರೆ ನುಂಗುತ್ತಿರುವವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ತುರಿಸದ ಬಗೆಯ ಬೀಜದಲ್ಲೂ ಅದು ಇದೆ, ಮರೆಯಬೇಡಿ.

ಬೆಳೆಯುವ ಮನಸ್ಸಿದ್ದರೆ ಬೇಲಿಯ ಬೀಜ ಆಯ್ದು ತರಬೇಡಿ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಧನ್ವಂತರಿ, ಅರ್ಕಾ ಅಶ್ವಿನಿ ಎಂಬ ತುರಿಸದ ತಳಿಗಳನ್ನು ಕೊಟ್ಟಿದ್ದಾರೆ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿ, ನಾಚಿಕೆ ಯಾಕೆ? ಬಿತ್ತುವ ಮೊದಲು ಸುತ್ತಲಿನ ಬೇಲಿ ನೋಡಿಕೊಳ್ಳಿ. ಒಂದೇ ಜಾತಿಯವಾದ್ದರಿಂದ ಕಾಡಿನದೂ ಸಾಕಿದ್ದೂ ಕೂಡಿ ಬೆರಕೆಯಾಗುತ್ತವೆ. ಪರಾಗ ಬೆರೆತರೆ ಈ ಸಲ ಕಾಯಿ ಮೆತ್ತಗೇ ಇರುತ್ತದೆ, ಅದೇ ಬೀಜ ಬಿತ್ತಿದರೆ ಬರುವ ವರ್ಷ ಹೊಲದಲ್ಲೇ ತುರಿಕೆ ಎದ್ದೀತು. ಬೀಜದ ಪ್ಲಾಟಿಗೆ ಅಂತರ ಬಿಡುವುದನ್ನು ರಾಣೇಬೆನ್ನೂರು ಸೀಮೆಯವರಿಗೆ ನಾನು ಹೇಳಿಕೊಡಬೇಕೇ? ಬೇಲಿಯ ಬಳ್ಳಿ ಹೂ ಬಿಡುವ ಮೊದಲೇ, ಹಸಿ ಇರುವಾಗಲೇ, ಬುಡಸಮೇತ ಕೀಳಿಸಿ. ಕೀಳುವವರಿಗೆ ಕೈಗೆ ಚೀಲ, ಮೈತುಂಬ ಬಟ್ಟೆ ಇರಲಿ. ಆ ಬಟ್ಟೆಗಳನ್ನು ಮನೆಮಂದಿಯ ಬಟ್ಟೆಯ ಜೊತೆ ನೆನೆಹಾಕದೆ ಬೇರೆಯಾಗಿ ಒಗೆಯಿರಿ.