ಕಾವಲು ಮತ್ತು ಖರಾಬು: ಪ್ರಗತಿಯ ಎರಡು ಅಳತೆಗಳು

ಒಂದು ಪ್ರದೇಶದ ಏಳಿಗೆಯನ್ನು ಅಲ್ಲಿನ ಆರ್ಥಿಕ ಉತ್ಪನ್ನದ ಮೌಲ್ಯದಿಂದಲೇ ಅಳೆಯುವ ಕ್ರಮ ರೂಢಿಯಲ್ಲಿದೆ. ಈ ಲೆಕ್ಕವನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೈಮನ್ ಕುಜ್ನೆಟ್ಸ್ ಅವರೇ, ರಾಷ್ಟ್ರೀಯ ಆದಾಯದಿಂದ ಜನರ ಕ್ಷೇಮವನ್ನು ಊಹಿಸಲಾಗದೆಂದು 1934ರಲ್ಲಿ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಅಮೃತಮಹಲ್ ಕಾವಲುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನೆಲವನ್ನು ಕುರಿತ ಎರಡು ಪದಗಳನ್ನು ಮೊದಲು ಗಮನಿಸಬೇಕು. ಕಂದಾಯಕ್ಕೆ ಒಳಪಡದ ಭೂಮಿಯನ್ನು ಕಂದಾಯದ ಪರಿಭಾಷೆ ‘ಖರಾಬು’ ಎನ್ನುತ್ತದೆ. ಕೆಟ್ಟದ್ದು, ಹಾಳು ಎಂಬುದು ಅದರ ಮೂಲಾರ್ಥ. ಕನ್ನಡದ ‘ಕಾವಲು’ ಕಾಯುವ ಕ್ರಿಯೆಯಿಂದ ಹುಟ್ಟಿ, ಕಾಯ್ದಿರಿಸಿದ ಹುಲ್ಲುಗಾವಲಿಗೂ ಹೆಸರಾಯಿತು. ಮೊದಲನೆಯದು ಆದಾಯವನ್ನು ಎಣಿಸುತ್ತದೆ, ಎರಡನೆಯದು ಹೊಣೆಯನ್ನು ಸೂಚಿಸುತ್ತದೆ.

ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆ ಕಾವಲುಗಳಿದ್ದವು. 1860ರಲ್ಲಿ ಬ್ರಿಟಿಷ್ ಆಡಳಿತ ಮಿತವ್ಯಯದ ಕಾರಣದಿಂದ ಈ ಹಿಂಡುಗಳನ್ನು ಮಾರಿತು. ಲೆಕ್ಕಪುಸ್ತಕದಲ್ಲಿ ಅದು ಉಳಿತಾಯ. ಆದರೆ ತಪ್ಪು ಬೇಗನೆ ಮನವರಿಕೆಯಾಗಿ, 1866ರಲ್ಲಿ ಹಿಂಡನ್ನು ಮರಳಿ ಕಟ್ಟಬೇಕಾಯಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರಲ್ಲಿ ಆರಂಭವಾಯಿತು.

ಟ್ರ್ಯಾಕ್ಟರಿನ ಕಾಲದಲ್ಲಿ ಅದೇ ಲೆಕ್ಕ ಬೇರೆ ರೂಪದಲ್ಲಿ ಮರಳಿದೆ. ಅಮೃತಮಹಲ್ ಹಸುವಿನ ಹಾಲು ಅಲ್ಪ. ಎತ್ತಿನ ದುಡಿಮೆಗೆ ಬೇಡಿಕೆ ಕುಗ್ಗಿದೆ. ಆದ್ದರಿಂದ ಕಾವಲು ‘ಬರಿದೆ ಬಿದ್ದ’ ನೆಲವಾಗಿ ತೋರುತ್ತದೆ. ಕುರಿಗಾಹಿಗೆ ದೊರೆಯುವ ಮೇವು, ಮಣ್ಣಿನಲ್ಲಿ ಇಂಗುವ ನೀರು, ಕೃಷ್ಣಮೃಗದ ನೆಲೆ ಇವುಗಳಿಗೆ ಮಾರುಕಟ್ಟೆಯ ಬೆಲೆಯಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಬಯಲುಸೀಮೆಯ ತೋಟಕ್ಕಾಗಿ ಕೊಳವೆಬಾವಿ ಕೊರೆಸಿದ ವೆಚ್ಚ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ಬತ್ತಿದ ಅಂತರ್ಜಲ ಆ ಲೆಕ್ಕದಿಂದ ಕಳೆಯುವುದಿಲ್ಲ. ಹೀಗೆ ನಷ್ಟವೂ ಬೆಳವಣಿಗೆಯಾಗಿ ಕಾಣುತ್ತದೆ.

ಉತ್ಪನ್ನವೇ ಅನಗತ್ಯವೆಂಬುದು ಇಲ್ಲಿನ ವಾದವಲ್ಲ. ತೋಟದ ಆದಾಯದಿಂದ ಮಕ್ಕಳ ಓದು, ಮನೆಯವರ ಚಿಕಿತ್ಸೆ ಸಾಧ್ಯವಾಗುತ್ತದೆ. ಆದರೆ ಆದಾಯವೊಂದೇ ಅಳತೆಯಾಗಲಾರದು. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ತಾಲ್ಲೂಕುಗಳ ಸ್ಥಿತಿಯನ್ನು 35 ಸೂಚಕಗಳಿಂದ ಅಳೆದದ್ದು ಈ ದೃಷ್ಟಿಯಿಂದ ಮಹತ್ವದ್ದು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾದದ್ದೂ, ಬೆಲೆ ಕಟ್ಟಲಾಗದ್ದನ್ನು ಕಾಯಬೇಕೆಂಬ ಅರಿವಿನ ಫಲವೇ.

1860ರಲ್ಲಿ ಮಾರಿದ ಹಿಂಡನ್ನು ಮತ್ತೆ ಕಟ್ಟುವುದು ಸಾಧ್ಯವಾಯಿತು, ಏಕೆಂದರೆ ಹುಲ್ಲುಗಾವಲು ಉಳಿದಿತ್ತು. ಕಾವಲೇ ಹೋದರೆ ಅಂಥ ತಿದ್ದುಪಡಿಗೂ ಅವಕಾಶವಿರದು.